ಪಲೆರ್ಮೊ ಹಳೇಪೇಟೆಯ ತಿಂಡಿ–ಚರಿತ್ರೆ ನಡಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಸಿಲಿ ದ್ವೀಪದ ರಾಜಧಾನಿ ಪಲೆರ್ಮೊದಲ್ಲಿ ಕನ್ನಡಿಗರಿಗಾಗಿ ನಡೆಸುವ ಬೆಳಗಿನ ನಡಿಗೆಯ ಬಗ್ಗೆ ಬರುವ ಪ್ರಶ್ನೆಗಳಿವು. ಕೆಲವಕ್ಕೆ ಒಂದು ಸಾಲಿನ ಉತ್ತರ ಸಾಕು. ಹೊಟ್ಟೆಗೆ ಸಂಬಂಧಿಸಿದವಕ್ಕೆ ಸಾಲದು.

ರೋಮ್, ಫ್ಲಾರೆನ್ಸ್, ವೆನಿಸ್ ಇರುವಾಗ ಪಲೆರ್ಮೊಕ್ಕೆ ಏಕೆ ಬರಬೇಕು?

ಆ ಮೂರನ್ನು ನೋಡಿಯೇ ಬನ್ನಿ, ಅಡ್ಡಿಯಿಲ್ಲ. ಆದರೆ ಅಲ್ಲಿ ಕಾಣದ ಒಂದು ಬೆರಕೆ ಇಲ್ಲಿದೆ. ಇಂದಿನ ಲೆಬನಾನ್ ಕಡೆಯ ಕಡಲ ವ್ಯಾಪಾರಿಗಳಾದ ಫಿನೀಷಿಯನ್ನರು ಎರಡು ಹೊಳೆಗಳ ನಡುವಿನ ದಿಣ್ಣೆಯ ಮೇಲೆ ಕಟ್ಟಿದ ಊರು ಇದು. ಆ ಹೊಳೆಗಳು ಈಗ ರಸ್ತೆಗಳ ಅಡಿಯಲ್ಲಿ ಮುಚ್ಚಿಹೋಗಿವೆ. ಕ್ರಿ.ಪೂ. 254ರಲ್ಲಿ ರೋಮನ್ನರು ಗೆದ್ದರು. ಮುಂದೆ ಪೂರ್ವ ರೋಮನ್ ಸಾಮ್ರಾಜ್ಯವಾದ ಬೈಜಾಂಟಿಯಂ ಆಳಿತು. 831ರಲ್ಲಿ ಉತ್ತರ ಆಫ್ರಿಕಾದಿಂದ ಬಂದ ಮುಸ್ಲಿಂ ಸೇನೆಯ ಕೈಸೇರಿತು, 1072ರಲ್ಲಿ ಉತ್ತರ ಫ್ರಾನ್ಸಿನ ಮೂಲದ ನಾರ್ಮನ್ನರ ವಶವಾಯಿತು. ನಾರ್ಮನ್ ದೊರೆ ಎರಡನೆಯ ರೊಜರ್ 1130ರ ಕ್ರಿಸ್‌ಮಸ್ ದಿನ ಇಲ್ಲಿ ಪಟ್ಟವೇರಿದ. ಅವನ ಆಡಳಿತದ ಕಾಗದಪತ್ರ ಲ್ಯಾಟಿನ್, ಗ್ರೀಕ್, ಅರಬ್ಬಿ ಮೂರರಲ್ಲೂ ನಡೆಯುತ್ತಿತ್ತು. ಅವನಿಗಾಗಿ ಅಲ್ ಇದ್ರಿಸಿ ಎಂಬ ಭೂಗೋಳಜ್ಞ 1154ರಲ್ಲಿ ಲೋಕದ ನಕ್ಷೆಯೊಂದನ್ನು ಮುಗಿಸಿಕೊಟ್ಟ. ಅದರಲ್ಲಿ ದಕ್ಷಿಣ ದಿಕ್ಕು ಮೇಲಿದೆ. ಈ ಅರಬ್–ನಾರ್ಮನ್ ಕಟ್ಟಡಗಳಿಗೆ 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. ಪಟ್ಟ ಸಿಗದೇ ಉಳಿದದ್ದು ಬೀದಿಬದಿಯ ಎಣ್ಣೆ ಬಾಣಲೆಗಳಿಗೆ. ನಾವು ಎರಡನ್ನೂ ತೋರಿಸುತ್ತೇವೆ.

ಎಲ್ಲಿ ಶುರು, ಎಲ್ಲಿ ಮುಗಿತಾಯ? ಎಷ್ಟು ದೂರ?

ಬೆಳಿಗ್ಗೆ ಒಂಬತ್ತೂವರೆಗೆ ಪೋರ್ತಾ ಕರೀನಿ ಎಂಬ ಹಳೆಯ ಊರಬಾಗಿಲಿನಲ್ಲಿ ಸೇರುತ್ತೇವೆ. ಅದರೊಳಗೆ ಕಾಲಿಟ್ಟರೆ ಕಾಪೊ ಮಾರುಕಟ್ಟೆ. ಅಲ್ಲಿಂದ ಪ್ರಧಾನ ಚರ್ಚು, ಆಮೇಲೆ ಊರಿನ ಅತಿ ಹಳೆಯ ರಸ್ತೆಯಾದ ಕಾಸ್ಸರೊ ಹಿಡಿದು ಇಳಿಯುತ್ತಾ ನಾಲ್ಕು ಮೂಲೆಗಳ ಚೌಕ, ಪ್ರೆತೋರಿಯಾ ಕಾರಂಜಿ, ಮಾರ್ತೊರಾನಾ ಚರ್ಚು, ಕೊನೆಗೆ ಬಲ್ಲರೊ ಮಾರುಕಟ್ಟೆ. ನೇರವಾಗಿ ನಡೆದರೆ ಎರಡು ಕಿಲೋಮೀಟರಿನ ಆಸುಪಾಸು, ಆದರೆ ನೇರವಾಗಿ ನಡೆಯುವವರು ಈ ಊರಿನಲ್ಲಿ ಯಾರೂ ಇಲ್ಲ. ನಾಲ್ಕು ಗಂಟೆ ಮೀಸಲಿಡಿ.

ನಾವು ಸಸ್ಯಾಹಾರಿಗಳು. ನಮಗೆ ಅಲ್ಲೇನಿದೆ? ಹಸಿದುಕೊಂಡು ಚರಿತ್ರೆ ಕೇಳಬೇಕೇ?

ಇಟಲಿಯ ಬೀದಿ ತಿಂಡಿಗಳಲ್ಲಿ ಸಸ್ಯಾಹಾರಿಗಳಿಗೆ ಇಷ್ಟು ದಾರಿ ಬಿಡುವ ಊರು ಕಡಿಮೆ. ಮೊದಲ ತಿಂಡಿಯೇ ಪನೆಲ್ಲೆ. ಕಾಬೂಲಿ ಕಡಲೆಯ ಹಿಟ್ಟನ್ನು ನೀರು, ಉಪ್ಪಿನೊಂದಿಗೆ ಗಟ್ಟಿಯಾಗುವ ತನಕ ಮಗುಚಿ, ಪಾರ್ಸ್ಲಿ ಸೊಪ್ಪು ಸೇರಿಸಿ, ತೆಳ್ಳಗೆ ಹರಡಿ, ಆರಿದ ಮೇಲೆ ಕತ್ತರಿಸಿ ಎಣ್ಣೆಯಲ್ಲಿ ಕರಿಯುತ್ತಾರೆ. ಎಳ್ಳು ಮೆತ್ತಿದ ಬನ್ನಿನೊಳಗೆ ಇಟ್ಟು ನಿಂಬೆರಸ ಹಿಂಡಿ ಕೊಡುತ್ತಾರೆ. ಬಜ್ಜಿಯೊಳಗಿನ ಮೆಣಸಿನಕಾಯಿ ಓಡಿಹೋಗಿ ಹಿಟ್ಟು ಮಾತ್ರ ಉಳಿದಂತೆ ಎಂದು ಮೊದಲ ತುತ್ತಿಗೆ ಅನಿಸಬಹುದು. ಮೂರನೆಯ ತುತ್ತಿಗೆ ಮೆಣಸಿನಕಾಯಿ ಮರೆತುಹೋಗುತ್ತದೆ. ಜೊತೆಗೆ ಆಲೂಗಡ್ಡೆಯ ಕ್ರೊಕ್ಕೆ ಇರುತ್ತದೆ, ಕೆಲವರು ಅದಕ್ಕೆ ಪುದೀನ ಹಾಕುತ್ತಾರೆ.

ಆಮೇಲೆ ಕಪೊನಾತಾ. ಕರಿದ ಬದನೆಕಾಯಿ, ಸೆಲರಿ, ಈರುಳ್ಳಿ, ಟೊಮೆಟೊ, ಆಲಿವ್, ಉಪ್ಪಿನಲ್ಲಿಟ್ಟ ಕೇಪರ್ ಮೊಗ್ಗುಗಳನ್ನು ವಿನೆಗರ್ ಮತ್ತು ಸಕ್ಕರೆಯಲ್ಲಿ ಹದಗೊಳಿಸಿದ ಹುಳಿ–ಸಿಹಿ ಪಲ್ಯ. ತಣ್ಣಗೆ ತಿನ್ನುತ್ತಾರೆ. ಬಿಸಿ ಮಾಡಿಕೊಡಿ ಎಂದು ಕೇಳಬೇಡಿ, ಅಂಗಡಿಯವರಿಗೆ ಬೇಸರವಾಗುತ್ತದೆ. ಮೇಲಾಗಿ ಅದು ಮರುದಿನವೇ ಹೆಚ್ಚು ರುಚಿ.

ಇನ್ನು ಎಚ್ಚರಿಕೆಯ ಮಾತು. ಇವನ್ನು ಯಾರೂ ನಿಮಗೆ ಮುಂಚಿತವಾಗಿ ಹೇಳುವುದಿಲ್ಲವಾದ್ದರಿಂದ ನಾವೇ ಹೇಳುತ್ತೇವೆ. ಸ್ಫಿಂಚೊನೆ ಎಂಬ ದಪ್ಪ ರೊಟ್ಟಿಯ ಮೇಲೆ ಕಾಣುವುದು ಟೊಮೆಟೊ, ಈರುಳ್ಳಿ, ಬ್ರೆಡ್ಡಿನ ಪುಡಿ. ಕಾಣದೆ ಕರಗಿರುವುದು ಆಂಚೊವಿ ಎಂಬ ಉಪ್ಪು ಹಾಕಿದ ಸಣ್ಣ ಮೀನು. ಅಕ್ಕಿಯ ಉಂಡೆಯಾದ ಅರಂಚೀನಾದಲ್ಲಿ ‘ಬೆಣ್ಣೆಯದು’ ಎಂದು ಬರೆದಿದ್ದರೂ ಒಳಗೆ ಹಂದಿ ಮಾಂಸದ ಹ್ಯಾಮ್ ತುಂಡುಗಳಿರುವುದೇ ಹೆಚ್ಚು. ಪಾಲಕ್ ಸೊಪ್ಪಿನ ಅರಂಚೀನಾ ಬೇರೆ ಸಿಗುತ್ತದೆ, ನಿಮಗೆ ಅದು. ರಿಕೊತ್ತಾ ಎಂಬ ಮೆತ್ತನೆಯ ಚೀಸ್ ತುಂಬಿದ ಸಿಹಿಯಾದ ಕನ್ನೊಲಿಯ ಗರಿಗರಿ ಕೊಳವೆಯ ಹಿಟ್ಟಿಗೆ ಸಾಂಪ್ರದಾಯಿಕವಾಗಿ ಹಂದಿಯ ಕೊಬ್ಬು ಬೀಳುತ್ತದೆ. ಅನೇಕ ಕಡೆ ಕರಿಯುವುದೂ ಅದರಲ್ಲೇ. ಇಲ್ಲಿನ ಹಳೆಯ ಬಗೆಯ ಚೀಸ್‌ಗಳಿಗೆ ಹಾಲು ಹೆಪ್ಪುಗಟ್ಟಿಸುವುದು ಕರು ಅಥವಾ ಕುರಿಮರಿಯ ಜಠರದ ರೆನೆಟ್. ಮೊಟ್ಟೆ ತಿನ್ನುವವರು, ತಿನ್ನದವರು, ಚೀಸ್ ಮಾತ್ರ ಪರವಾಗಿಲ್ಲ ಎನ್ನುವವರು, ಒಂದೇ ಬಾಣಲೆಯ ಎಣ್ಣೆಯೂ ಆಗದು ಎನ್ನುವವರು ಎಲ್ಲರೂ ‘ಸಸ್ಯಾಹಾರಿ’ ಎಂದೇ ಬರೆಯುತ್ತೀರಿ. ದಯವಿಟ್ಟು ಬಿಡಿಸಿ ಬರೆಯಿರಿ.

ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ. ಆಗುತ್ತದೆಯೇ?

ಆಗುತ್ತದೆ, ಪಟ್ಟಿ ಚಿಕ್ಕದಾಗುತ್ತದೆ ಅಷ್ಟೆ. ಪನೆಲ್ಲೆಗೆ ಎರಡೂ ಬೇಕಿಲ್ಲ. ಸಿಹಿಗಳಲ್ಲಿ ಪುಡಿಮಂಜಿನಂತಿರುವ ನಿಂಬೆಯ ಗ್ರನೀತಾ, ಬಾದಾಮಿ ಮತ್ತು ಸಕ್ಕರೆಯಿಂದ ಹಣ್ಣಿನ ಆಕಾರದಲ್ಲಿ ಮಾಡಿದ ಮಾರ್ತೊರಾನಾ ಹಣ್ಣು, ಬೇಸಿಗೆಯಾದರೆ ಕಲ್ಲಂಗಡಿ ರಸವನ್ನು ಪಿಷ್ಟದಿಂದ ಗಟ್ಟಿಗೊಳಿಸಿ ಮಲ್ಲಿಗೆಯ ಪರಿಮಳ ಕೂಡಿಸಿದ ‘ಜೆಲೊ’. ಇದಕ್ಕೆ ಜೆಲಟಿನ್ ಬೇಕಾಗಿಲ್ಲ. ನನ್ನನ್ನು ಕೇಳಿದರೆ, ಈ ಊರಿನ ಸಿಹಿಗಳಲ್ಲಿ ಕನ್ನೊಲಿಗಿಂತ ಒಂದು ಮೆಟ್ಟಿಲು ಮೇಲೆ ಇಡಬೇಕಾದದ್ದು ಇದೇ.

ಈರುಳ್ಳಿ ದ್ವೇಷಿಗಳಿಗೆ ಇಲ್ಲೊಬ್ಬ ಹಳೆಯ ಮಿತ್ರನಿದ್ದಾನೆ. ಹತ್ತನೆಯ ಶತಮಾನದಲ್ಲಿ ಪಲೆರ್ಮೊಕ್ಕೆ ಬಂದ ಇಬ್ನ್ ಹೌಕಲ್ ಎಂಬ ಪ್ರವಾಸಿ, ಊರಿನ ಮಸೀದಿಗಳ ಸಂಖ್ಯೆ ಕಂಡು ಬೆರಗಾದ. ಊರಿನವರ ಬುದ್ಧಿ ಕಂಡು ಸಿಡುಕಿದ. ಹಸಿ ಈರುಳ್ಳಿಯನ್ನು ವಿಪರೀತ ತಿಂದು ತಲೆ ಮಂದವಾಗಿದೆ ಎಂಬುದು ಅವನ ತೀರ್ಮಾನ. ಊರಿನವರು ಮನಸ್ಸಿಗೆ ಹಚ್ಚಿಕೊಂಡಂತಿಲ್ಲ. ಸ್ಫಿಂಚೊನೆಯ ಮೇಲಿನ ಈರುಳ್ಳಿ ನೋಡಿದರೆ ತಿಳಿಯುತ್ತದೆ.

ಮಾಂಸಾಹಾರಿಗಳಿಗೆ ಏನು ಕೊಡಿಸುತ್ತೀರಿ? ದನದ ಮಾಂಸ ಇರುತ್ತದೆಯೇ?

ಇರುತ್ತದೆ, ಬೇಡ ಎಂದರೆ ಇರುವುದಿಲ್ಲ. ಊರಿನ ಹೆಸರುವಾಸಿ ತಿಂಡಿಯಾದ ‘ಪಾನಿ ಕಾ ಮೆವುಸಾ’ ಎಂದರೆ ಕರುವಿನ ಗುಲ್ಮ ಮತ್ತು ಶ್ವಾಸಕೋಶವನ್ನು ಬೇಯಿಸಿ, ತೆಳುವಾಗಿ ಹೆಚ್ಚಿ, ಹಂದಿಯ ಕೊಬ್ಬಿನಲ್ಲಿ ಬಿಸಿ ಮಾಡಿ ಬನ್ನಿನಲ್ಲಿಟ್ಟದ್ದು. ಬರೀ ನಿಂಬೆರಸದೊಂದಿಗೆ ಕೊಟ್ಟರೆ ‘ಅವಿವಾಹಿತೆ’, ರಿಕೊತ್ತಾ ಮತ್ತು ಚೀಸ್ ಸೇರಿದರೆ ‘ಮದುವೆಯಾದವಳು’ ಎನ್ನುತ್ತಾರೆ. ಹಾಗಾಗಿ ಅಂಗಡಿಯವನು ನಿಮ್ಮ ಮದುವೆಯ ಬಗ್ಗೆ ವಿಚಾರಿಸಿದನೆಂದು ತಪ್ಪು ತಿಳಿಯಬೇಡಿ. ಕುರಿಮರಿಯ ಕರುಳನ್ನು ಈರುಳ್ಳಿ ದಂಟಿಗೆ ಸುತ್ತಿ ಕೆಂಡದ ಮೇಲೆ ಸುಡುವ ಸ್ಟಿಗ್ಗ್ಯೋಲಾ ಇನ್ನೊಂದು. ಬೋಟಿ ತಿಂದು ಬೆಳೆದವರು ಇದನ್ನು ಮೆಚ್ಚುತ್ತಾರೆ. ಬೋನ್‌ಲೆಸ್ ಚಿಕನ್‌ ಮಾತ್ರ ತಿನ್ನುವವರಿಗೆ ನಾನು ಒತ್ತಾಯಿಸುವುದಿಲ್ಲ.

ಒಳ್ಳೆಯ ಮಾಂಸ ಶ್ರೀಮಂತರ ಮನೆಗೆ ಹೋಗಿ, ಒಳಾಂಗಗಳು ಬೀದಿಗೆ ಬಂದದ್ದರ ಚರಿತ್ರೆ ಇದು. ಮೀನಿನಲ್ಲೂ ಹಾಗೆಯೇ. ಸಾರ್ಡೀನ್, ಕಾಡು ಸೋಂಪಿನ ಸೊಪ್ಪು, ಒಣದ್ರಾಕ್ಷಿ, ಪೈನ್ ಬೀಜ, ಕೇಸರಿ ಸೇರಿಸಿದ ಪಾಸ್ತಾವನ್ನು ನಡಿಗೆಯ ಕೊನೆಗೆ ಬಲ್ಲರೊದಲ್ಲಿ ಹಂಚಿಕೊಂಡು ತಿನ್ನುತ್ತೇವೆ. ಸೋಮವಾರ ಮೀನಿನ ಅಂಗಡಿಗಳು ಹೆಚ್ಚಾಗಿ ಮುಚ್ಚಿರುತ್ತವೆ, ಮೀನುಪ್ರಿಯರು ಬೇರೆ ದಿನ ಆರಿಸಿಕೊಳ್ಳಿ.

ಈ ತಿಂಡಿಗಳನ್ನೆಲ್ಲ ಅರಬರು ತಂದರು ಎಂದು ಓದಿದ್ದೇವೆ. ನಿಜವೇ?

ಅರ್ಧ ನಿಜ. ಈ ಊರಿನ ಮಾರ್ಗದರ್ಶಿಗಳಿಗೆ ಪ್ರತಿ ತಟ್ಟೆಯ ಹಿಂದೆ ಒಬ್ಬ ಸುಲ್ತಾನನನ್ನೋ ಒಬ್ಬ ಸನ್ಯಾಸಿನಿಯನ್ನೋ ನಿಲ್ಲಿಸುವ ಚಟವಿದೆ. ಕನ್ನೊಲಿಯನ್ನು ಅರಬ್ ಅರಸನಾದ ಎಮಿರನ ಅಂತಃಪುರದ ಹೆಂಗಸರು ಕಂಡುಹಿಡಿದರು ಎಂಬ ಕಥೆ ಸೊಗಸಾಗಿದೆ, ಆಧಾರವಿಲ್ಲ. ನಮ್ಮ ನಡಿಗೆಯಲ್ಲಿ ಅಂಥ ಕಥೆಗಳನ್ನು ಹೇಳುತ್ತೇವೆ, ಕಥೆ ಎಂದೇ ಹೇಳುತ್ತೇವೆ.

ಗಟ್ಟಿಯಾಗಿ ಹೇಳಬಹುದಾದದ್ದು ಇಷ್ಟು. ನಿಂಬೆ, ಹುಳಿ ಕಿತ್ತಳೆ, ಕಬ್ಬಿನ ಬೇಸಾಯ ಅರಬ್ಬರ ಆಳ್ವಿಕೆಯಲ್ಲಿ ಇಲ್ಲಿ ಬೇರೂರಿದವು. ಅದಕ್ಕೆ ಬೇಕಾದ ನೀರಾವರಿ ವಿದ್ಯೆಯೂ ಬಂತು. ನೆಲದಡಿಯಲ್ಲಿ ಇಳಿಜಾರಿನ ಸುರಂಗ ತೋಡಿ ನೀರು ಹರಿಸುವ ಕನಾತ್‌ಗಳು ಪಲೆರ್ಮೊದ ಅಡಿಯಲ್ಲಿ ಇಂದಿಗೂ ಇವೆ. ಬೀದರಿನಲ್ಲಿ ಬಹಮನಿ ಕಾಲದ ಕರೇಜ್ ನೋಡಿದವರಿಗೆ ಇದರ ವಿವರಣೆ ಬೇಕಿಲ್ಲ, ತಂತ್ರ ಅದೇ.

ಪಾಸ್ತಾದ ವಿಷಯದಲ್ಲಂತೂ ಲಿಖಿತ ಪುರಾವೆಯೇ ಇದೆ. ಪಲೆರ್ಮೊದ ಪೂರ್ವಕ್ಕಿರುವ ತ್ರಾಬಿಯಾ ಎಂಬ ಊರಿನಲ್ಲಿ ‘ಇತ್ರಿಯ್ಯಾ’ ಎಂಬ ಎಳೆಯಾಕಾರದ ಒಣ ಪಾಸ್ತಾವನ್ನು ಹೇರಳವಾಗಿ ಮಾಡಿ ಮುಸ್ಲಿಂ ಮತ್ತು ಕ್ರೈಸ್ತ ನಾಡುಗಳಿಗೆ ಹಡಗಿನಲ್ಲಿ ಕಳುಹಿಸುತ್ತಿದ್ದರು ಎಂದು ಅಲ್ ಇದ್ರಿಸಿ 1154ರ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಮಾರ್ಕೊ ಪೋಲೊ ಹುಟ್ಟಿದ್ದು ಅದಾದ ಒಂದು ಶತಮಾನದ ಮೇಲೆ. ಚೀನಾದಿಂದ ಅವನು ಪಾಸ್ತಾ ತಂದ ಕಥೆಯನ್ನು ಇಲ್ಲಿಗೆ ಬಿಟ್ಟುಬಿಡಬಹುದು.

ಉಳಿದರ್ಧ ಬೇರೆ ಕಡೆಯದು. ಟೊಮೆಟೊ, ಆಲೂಗಡ್ಡೆ, ಎಲ್ಲೆಡೆ ಬೇಲಿಯಂತೆ ಬೆಳೆದಿರುವ ಪಾಪಾಸುಕಳ್ಳಿಯ ಹಣ್ಣು ಅಮೆರಿಕದಿಂದ ಬಂದವು. ಅಂದರೆ ಎಮಿರನಾಗಲಿ ರೊಜರನಾಗಲಿ ಟೊಮೆಟೊದ ರುಚಿ ಕಂಡವರಲ್ಲ. ನಾವು ‘ಪುರಾತನ’ ಎಂದು ತಿನ್ನುವ ಸ್ಫಿಂಚೊನೆಯ ಕೆಂಪು ಬಣ್ಣ ಅವರ ಕಾಲದ್ದಲ್ಲ.

ಯಾವ ಕಟ್ಟಡಗಳ ಒಳಗೆ ಹೋಗುತ್ತೇವೆ?

ಪ್ರಧಾನ ಚರ್ಚಿನ ಒಳಗೆ, ಮಾರ್ತೊರಾನಾದ ಒಳಗೆ. ಪ್ರಧಾನ ಚರ್ಚಿನಲ್ಲಿ ಎಲ್ಲರೂ ಎರಡನೆಯ ರೊಜರ್ ಮತ್ತು ಚಕ್ರವರ್ತಿ ಎರಡನೆಯ ಫ್ರೆಡರಿಕ್‌ನ ಸಮಾಧಿಗಳತ್ತ ಧಾವಿಸುತ್ತಾರೆ. ನಾವು ಮೊದಲು ದಕ್ಷಿಣದ ಮುಖಮಂಟಪದಲ್ಲಿ ನಿಲ್ಲುತ್ತೇವೆ. ಅಲ್ಲಿನ ಎಡಗಡೆಯ ಕಂಬವೊಂದರ ಮೇಲೆ ಕುರಾನಿನ ವಾಕ್ಯ ಕೆತ್ತಿದೆ. ಚರ್ಚಿದ್ದ ಜಾಗದಲ್ಲಿ ಮಸೀದಿ ಇತ್ತು, ಅದಕ್ಕೂ ಮೊದಲು ಚರ್ಚೇ ಇತ್ತು. ಕಂಬವನ್ನು ಯಾರೂ ಕಿತ್ತೆಸೆಯಲಿಲ್ಲ. ಇದನ್ನು ಕಂಡು ‘ಎಲ್ಲ ಧರ್ಮಗಳೂ ಕೂಡಿ ಬಾಳಿದ ಸ್ವರ್ಗ’ ಎಂದು ಬಣ್ಣಿಸುವುದು ಸುಲಭ, ಆದರೆ ಚರಿತ್ರೆ ಅಷ್ಟು ಮೆತ್ತಗಿಲ್ಲ. ಇದೇ ಫ್ರೆಡರಿಕ್ ಹದಿಮೂರನೆಯ ಶತಮಾನದಲ್ಲಿ ಸಿಸಿಲಿಯ ಮುಸ್ಲಿಮರನ್ನು ಇಟಲಿಯ ಮುಖ್ಯಭೂಮಿಯ ಲುಚೇರಾ ಎಂಬ ಊರಿಗೆ ಸಾಗಹಾಕಿದ. 1492ರ ಸ್ಪ್ಯಾನಿಷ್ ಆಜ್ಞೆಯ ಮೇರೆಗೆ ಯಹೂದಿಗಳೂ ದ್ವೀಪ ಬಿಡಬೇಕಾಯಿತು. ಅವರ ಕೇರಿಯಿದ್ದ ಗಲ್ಲಿಗಳಲ್ಲಿ ಈಗ ಇಟಾಲಿಯನ್, ಹೀಬ್ರೂ, ಅರಬ್ಬಿ ಮೂರು ಲಿಪಿಗಳ ಬೀದಿಫಲಕಗಳಿವೆ. ಫಲಕಗಳನ್ನು ನೋಡುವಾಗ ಈ ಎರಡನ್ನೂ ನೆನಪಿಸುವುದು ನಮ್ಮ ಮಾರ್ಗದರ್ಶಿಯ ವಾಡಿಕೆ. ಆ ಹೊತ್ತಿನಲ್ಲಿ ನಾವು ತಿಂಡಿ ಕೊಡಿಸುವುದಿಲ್ಲ.

ಮಾರ್ತೊರಾನಾವನ್ನು 1143ರಲ್ಲಿ ಸ್ಥಾಪಿಸಿದವನು ರೊಜರನ ನೌಕಾಧಿಪತಿ, ಆಂಟಿಯೋಕಿನ ಜಾರ್ಜ್. ಕ್ರಿಸ್ತನೇ ರೊಜರನಿಗೆ ಕಿರೀಟ ತೊಡಿಸುತ್ತಿರುವ ಚಿನ್ನದ ಮೊಸಾಯಿಕ್ ಅಲ್ಲಿದೆ. ಪೋಪನ ಕೈಯಿಂದಲ್ಲ, ನೇರ ದೇವರ ಕೈಯಿಂದ ಅಧಿಕಾರ ಎಂಬ ರಾಜಕೀಯ ಅದರಲ್ಲಿ ಮುಚ್ಚುಮರೆಯಿಲ್ಲದೆ ಕಾಣುತ್ತದೆ. 1184ರ ಕ್ರಿಸ್‌ಮಸ್ ಹೊತ್ತಿಗೆ ಹಡಗೊಡೆದು ಸಿಸಿಲಿ ಸೇರಿದ್ದ ಆಂಡಲೂಸಿಯಾದ ಯಾತ್ರಿಕ ಇಬ್ನ್ ಜುಬೈರ್ ಇದೇ ಚರ್ಚನ್ನು ನೋಡಿ ಮನಸೋತ. ಅಂದು ಚರ್ಚಿಗೆ ಹೊರಟ ಕ್ರೈಸ್ತ ಹೆಂಗಸರು ಮುಸ್ಲಿಂ ಹೆಂಗಸರ ರೀತಿಯಲ್ಲೇ ಮುಸುಕು ಹಾಕಿ, ರೇಷ್ಮೆಯುಟ್ಟು, ಕೈಗೆ ಮದರಂಗಿ ಹಚ್ಚಿದ್ದರು ಎಂದು ಬರೆದಿಟ್ಟಿದ್ದಾನೆ. ಆ ಸಾಲುಗಳ ತಾತ್ಪರ್ಯವನ್ನು ಚರ್ಚಿನ ಎದುರಿಗೇ ಕನ್ನಡದಲ್ಲಿ ಹೇಳುತ್ತೇವೆ.

ಅರಮನೆಯ ಕಪೆಲ್ಲಾ ಪಲಾತೀನಾ ಇಲ್ಲವೇ?

ಇಲ್ಲ, ಬೇಕೆಂದೇ ಬಿಟ್ಟಿದ್ದೇವೆ. 1140ರ ಈ ಅರಮನೆ ಪೂಜಾಮಂದಿರದ ಮರದ ಮೇಲ್ಛಾವಣಿಯಲ್ಲಿ ಅರಬ್ ಶೈಲಿಯ ಜೇನುಗೂಡಿನಂಥ ಕೆತ್ತನೆ, ಅದರ ಮೇಲೆ ಸಂಗೀತಗಾರರು, ಬೇಟೆಗಾರರು, ಪಾನಗೋಷ್ಠಿಯವರ ಚಿತ್ರಗಳಿವೆ. ಕೆಳಗೆ ಬೈಜಾಂಟೈನ್ ಸಂತರು. ಎಣ್ಣೆ ಮೆತ್ತಿದ ಬೆರಳುಗಳೊಂದಿಗೆ ಗಡಿಬಿಡಿಯಲ್ಲಿ ನೋಡುವ ಜಾಗವಲ್ಲ ಅದು. ಮಧ್ಯಾಹ್ನವನ್ನೋ ಮರುದಿನವನ್ನೋ ಅದಕ್ಕೇ ಕೊಡಿ. ಅರಮನೆಯಲ್ಲಿ ಸಿಸಿಲಿಯ ಪ್ರಾಂತೀಯ ಶಾಸನಸಭೆ ಸೇರುವುದರಿಂದ ಕೆಲವು ದಿನ ಕೆಲವು ಭಾಗಗಳಿಗೆ ಪ್ರವೇಶವಿರುವುದಿಲ್ಲ. ಟಿಕೆಟ್ ಕೊಳ್ಳುವ ಮೊದಲು ಅಂದಿನ ವೇಳೆ ನೋಡಿಕೊಳ್ಳಿ.

ಕನ್ನಡದಲ್ಲಿ ವಿವರಿಸುವವರು ಯಾರು?

ಚರಿತ್ರೆ ಹೇಳುವವರು ಇಟಲಿಯ ಪರವಾನಗಿ ಪಡೆದ ಸ್ಥಳೀಯ ಮಾರ್ಗದರ್ಶಿ. ಈ ದೇಶದಲ್ಲಿ ಪರವಾನಗಿ ಇಲ್ಲದೆ ಆ ಕೆಲಸ ಮಾಡುವಂತಿಲ್ಲ. ಅವರ ಮಾತನ್ನು ಕನ್ನಡಕ್ಕೆ ತರುವುದು, ತಿಂಡಿಯವರೊಂದಿಗೆ ಮಾತಾಡುವುದು, ಕಳೆದುಹೋದ ಚಿಕ್ಕಪ್ಪನನ್ನು ಹುಡುಕಿ ತರುವುದು ನನ್ನ ಪಾಲು.

ಅಮ್ಮನಿಗೆ ಮೊಣಕಾಲು ನೋವು. ಕರೆತರಬಹುದೇ? ಚಿಕ್ಕ ಮಕ್ಕಳು?

ಏರು ಹೆಚ್ಚಿಲ್ಲ. ಕಷ್ಟ ಕೊಡುವುದು ನೆಲ. ಚಪ್ಪಡಿ ಕಲ್ಲುಗಳು ಸವೆದು ನುಣುಪಾಗಿವೆ, ಮೀನು ಮಾರುವ ಕಡೆ ನೀರು ಹರಿಯುತ್ತಲೇ ಇರುತ್ತದೆ. ಹಿಡಿತವಿರುವ ಬೂಟು ಹಾಕಿಸಿ, ಹೊಸ ಚಪ್ಪಲಿ ಬೇಡ. ಕೂರಲು ನಾಲ್ಕೈದು ಕಡೆ ನಿಲ್ಲುತ್ತೇವೆ. ಮುಂಚೆಯೇ ತಿಳಿಸಿದರೆ ಕಾಸ್ಸರೊ ರಸ್ತೆಯ ಭಾಗವನ್ನು ಟ್ಯಾಕ್ಸಿಯಲ್ಲಿ ದಾಟಿಸಬಹುದು. ಗಾಲಿಕುರ್ಚಿಗೆ ಕಾಪೊ ಮಾರುಕಟ್ಟೆ ಇಕ್ಕಟ್ಟು. ಅವರಿಗಾಗಿ ದಾರಿ ಬದಲಿಸುತ್ತೇವೆ.

ಮಕ್ಕಳಿಗೆ ಚರ್ಚು ಬೇಸರ ತರಿಸುತ್ತದೆ, ಮಾರುಕಟ್ಟೆ ತರಿಸುವುದಿಲ್ಲ. ಕತ್ತಿಮೀನಿನ ತಲೆಯನ್ನು ಮೂಗು ಮೇಲೆ ಮಾಡಿ ಮಂಜುಗಡ್ಡೆಯ ಮೇಲೆ ನಿಲ್ಲಿಸಿರುತ್ತಾರೆ. ಅಲ್ಲಿಂದ ಅವರನ್ನು ಕದಲಿಸುವುದೇ ಕೆಲಸ. ಅವರಿಗೆ ಪರಿಚಿತವಾದ ಇನ್ನೊಂದು ವಸ್ತು ಆಪೆ ಗಾಡಿ. ನಮ್ಮ ಊರುಗಳಲ್ಲಿ ಸಾಮಾನು ಹೊರುವ ಪಿಯಾಜಿಯೊ ಆಪೆ ಹುಟ್ಟಿದ್ದು ಇಟಲಿಯಲ್ಲೇ. ಇಲ್ಲಿ ಅದರ ಹಿಂದೆ ಗಾಜಿನ ಪೆಟ್ಟಿಗೆ ಕಟ್ಟಿ ಸ್ಫಿಂಚೊನೆ ಮಾರುತ್ತಾರೆ. ಧ್ವನಿವರ್ಧಕದಲ್ಲಿ ಕೂಗುವುದೇನೆಂದರೆ, ‘ಎಣ್ಣೆ ಕಡಿಮೆ, ಧೂಳು ಜಾಸ್ತಿ!’ ಸ್ವಂತ ಸರಕನ್ನು ಹೀಗೆ ಹಳಿದು ಮಾರುವ ವ್ಯಾಪಾರಿಗಳು ಲೋಕದಲ್ಲಿ ವಿರಳ.

ಮಾಫಿಯಾ ಊರಲ್ಲವೇ? ಅಪಾಯವಿಲ್ಲವೇ?

ಪ್ರವಾಸಿಗೆ ಅಪಾಯ ಜೇಬುಗಳ್ಳರದ್ದು ಮತ್ತು ಗಲ್ಲಿಗಳಲ್ಲಿ ನುಗ್ಗುವ ಸ್ಕೂಟರುಗಳದ್ದು. ಚೀಲವನ್ನು ಎದೆಯ ಮುಂದೆ ಹಾಕಿಕೊಳ್ಳಿ, ಬದಿಗೆ ಸರಿದು ನಿಂತು ಫೋಟೊ ತೆಗೆಯಿರಿ.

ಮಾಫಿಯಾ ಸುಳ್ಳಲ್ಲ. ಅದರ ಭಾರ ಹೊತ್ತವರು ಇಲ್ಲಿನ ಅಂಗಡಿಯವರು. ‘ಪಿತ್ಸೊ’ ಎಂದು ಕರೆಯುವ ರಕ್ಷಣಾ ಹಣ ಕೊಡುವುದಿಲ್ಲ ಎಂದು ಪತ್ರಿಕೆಯಲ್ಲೇ ಬರೆದ ಉದ್ಯಮಿ ಲಿಬೆರೊ ಗ್ರಾಸ್ಸಿಯನ್ನು 1991ರಲ್ಲಿ ಕೊಂದರು. ಮರುವರ್ಷ ನ್ಯಾಯಾಧೀಶರಾದ ಫಾಲ್ಕೊನೆ ಮತ್ತು ಬೊರ್ಸೆಲ್ಲಿನೊ ಬಾಂಬಿಗೆ ಬಲಿಯಾದರು. ನೀವು ಇಳಿಯುವ ವಿಮಾನ ನಿಲ್ದಾಣಕ್ಕೆ ಅವರಿಬ್ಬರ ಹೆಸರಿದೆ. 2004ರಲ್ಲಿ ಕೆಲವು ಯುವಕರು ಊರಿನ ಗೋಡೆಗಳ ಮೇಲೆ, ಪಿತ್ಸೊ ಕೊಡುವ ಜನತೆ ಘನತೆ ಇಲ್ಲದ ಜನತೆ ಎಂಬರ್ಥದ ಚೀಟಿ ಅಂಟಿಸಿದರು. ಅದು ‘ಅದ್ದಿಯೊಪಿತ್ಸೊ’ ಚಳವಳಿಯಾಯಿತು. ಹಣ ಕೊಡಲು ನಿರಾಕರಿಸಿದ ಅಂಗಡಿಗಳ ಬಾಗಿಲಲ್ಲಿ ಅದರ ಗುರುತು ನೋಡಬಹುದು.

2016ರಲ್ಲಿ ವಿಯಾ ಮಕ್ವೇದಾ ರಸ್ತೆಯ ಬಾಂಗ್ಲಾದೇಶಿ ವ್ಯಾಪಾರಿಗಳು ಈ ಚಳವಳಿಯ ನೆರವಿನಿಂದ ದೂರು ಕೊಟ್ಟು, ಸುಲಿಗೆ ಮಾಡುತ್ತಿದ್ದವರನ್ನು ಬಂಧಿಸುವಂತೆ ಮಾಡಿದರು. ಹೊರಗಿನಿಂದ ಬಂದ ಸಣ್ಣ ಅಂಗಡಿಕಾರರು ಊರಿಗೆ ಧೈರ್ಯ ತೋರಿಸಿದ ಈ ಪ್ರಕರಣವನ್ನು ಆ ರಸ್ತೆಯಲ್ಲೇ ನಿಂತು ವಿವರಿಸುತ್ತೇವೆ. ಮಾಫಿಯಾ ಚಿತ್ರವಿರುವ ಅಯಸ್ಕಾಂತ, ಟೀ ಶರ್ಟುಗಳನ್ನು ಕೊಳ್ಳುವುದು ಬಿಡುವುದು ನಿಮ್ಮಿಷ್ಟ; ಅದಕ್ಕಾಗಿ ನಡಿಗೆ ನಿಲ್ಲುವುದಿಲ್ಲ.

ಅಲ್ಲಿ ಭಾರತದ ಕಡೆಯವರು ಇದ್ದಾರೆಯೇ?

ಬಲ್ಲರೊದ ಸುತ್ತಮುತ್ತ ಬಾಂಗ್ಲಾದೇಶಿಗಳು, ಆಫ್ರಿಕಾದವರು ಹೆಚ್ಚು. ಶ್ರೀಲಂಕಾದ ತಮಿಳರದು ದೊಡ್ಡ ಸಮುದಾಯ. ಊರನ್ನು ಕಾಯುವ ಸಂತಳೆನಿಸಿದ ಸಾಂತಾ ರೊಸಾಲಿಯಾಗೆ ತಮಿಳು ಹಿಂದೂಗಳೂ ನಡೆದುಕೊಳ್ಳುತ್ತಾರೆ. ಪೆಲ್ಲೆಗ್ರಿನೊ ಬೆಟ್ಟದ ಮೇಲಿನ ಅವಳ ಗುಹಾಮಂದಿರಕ್ಕೆ ಬೆಳಗಿನ ಜಾವ ಕಾಲ್ನಡಿಗೆಯಲ್ಲಿ ಹೋಗುವ ಸೀರೆಯುಟ್ಟ ಹೆಂಗಸರನ್ನು ನೀವು ಕಾಣಬಹುದು. ಬೆಂಡೆಕಾಯಿ, ಕೊತ್ತಂಬರಿ, ಹಸಿಮೆಣಸಿನಕಾಯಿ ಬಲ್ಲರೊದಲ್ಲಿ ಸಿಗುತ್ತವೆ. ಒಂದು ವಾರ ಪಾಸ್ತಾ ತಿಂದು ಬಾಯಿ ಸಪ್ಪೆಯಾದವರು ಆ ಅಂಗಡಿಗಳ ಮುಂದೆ ಭಾವುಕರಾಗುವುದುಂಟು.

ಯಾವ ತಿಂಗಳು ಬರಬೇಕು?

ಏಪ್ರಿಲ್‌ನಿಂದ ಜೂನ್ ಮಧ್ಯದವರೆಗೆ, ಅಥವಾ ಸೆಪ್ಟೆಂಬರ್ ಕೊನೆಯಿಂದ ನವೆಂಬರ್. ಜುಲೈ, ಆಗಸ್ಟ್‌ನಲ್ಲಿ ಆಫ್ರಿಕಾದ ಕಡೆಯಿಂದ ಶಿರೊಕ್ಕೊ ಗಾಳಿ ಬೀಸಿದರೆ ಕಲಬುರಗಿಯವರೂ ನೆರಳು ಹುಡುಕುತ್ತಾರೆ.

ಬಿಸಿಲು ಲೆಕ್ಕಿಸದವರಿಗೆ ಜುಲೈ 14ರ ರಾತ್ರಿ ಇದೆ. 1624ರ ಪ್ಲೇಗಿನಿಂದ ಊರನ್ನು ಉಳಿಸಿದಳೆಂದು ನಂಬುವ ರೊಸಾಲಿಯಾಳ ರಥ ಕಾಸ್ಸರೊದಲ್ಲಿ ಸಮುದ್ರದತ್ತ ಇಳಿಯುತ್ತದೆ. ನಾಲ್ಕು ಮೂಲೆಗಳ ಚೌಕದಲ್ಲಿ ಮೇಯರ್ ರಥವೇರಿ ಜಯಕಾರ ಕೂಗುತ್ತಾರೆ, ಜನ ಬೆಳ್ಳುಳ್ಳಿಯಲ್ಲಿ ಬೆಂದ ಬಸವನಹುಳು ಹೀರುತ್ತಾ ನಿಂತಿರುತ್ತಾರೆ. ನವೆಂಬರ್ 2ರ ಪಿತೃಗಳ ಹಬ್ಬಕ್ಕೆ ಅಂಗಡಿಗಳ ತುಂಬ ಮಾರ್ತೊರಾನಾ ಹಣ್ಣು ಮತ್ತು ಸಕ್ಕರೆ ಗೊಂಬೆಗಳು. ತೀರಿಕೊಂಡ ಹಿರಿಯರೇ ಮಕ್ಕಳಿಗೆ ಉಡುಗೊರೆ ತರುತ್ತಾರೆಂಬ ನಂಬಿಕೆ. ಡಿಸೆಂಬರ್ 13, ಸಾಂತಾ ಲುಚಿಯಾ ದಿನ, ಊರಿನವರು ಬ್ರೆಡ್ಡೂ ಪಾಸ್ತಾವೂ ಮುಟ್ಟುವುದಿಲ್ಲ. ಬರಗಾಲದಲ್ಲಿ ಧಾನ್ಯದ ಹಡಗು ಬಂದಾಗ ಹಸಿದವರು ಹಿಟ್ಟು ಬೀಸುವಷ್ಟೂ ಕಾಯದೆ ಗೋಧಿಯನ್ನು ಹಾಗೇ ಬೇಯಿಸಿ ತಿಂದರು ಎಂಬ ನೆನಪಿಗೆ ಇಡೀ ಗೋಧಿಗೆ ರಿಕೊತ್ತಾ ಬೆರೆಸಿದ ಕುಚ್ಚೀಯಾ ಮಾಡುತ್ತಾರೆ. ಉಪವಾಸವೆಂದು ತಿಳಿಯಬೇಡಿ, ಆ ದಿನ ಊರು ತಿನ್ನುವ ಅರಂಚೀನಾಗಳಿಗೆ ಲೆಕ್ಕವಿಲ್ಲ.

ವೀಸಾ, ವಿಮಾನ?

ಭಾರತದ ಪಾಸ್‌ಪೋರ್ಟಿಗೆ ಷೆಂಗೆನ್ ವೀಸಾ ಬೇಕು. ಬೆಂಗಳೂರಿನಿಂದ ನೇರ ವಿಮಾನವಿಲ್ಲ, ಒಂದೆರಡು ಕಡೆ ಬದಲಿಸಬೇಕು. ವಿಮಾನ ನಿಲ್ದಾಣ ಊರಿನಿಂದ ಸುಮಾರು 35 ಕಿ.ಮೀ.; ರೈಲು, ಬಸ್ಸು ಎರಡೂ ಇವೆ. ವೀಸಾ ಅರ್ಜಿಗೆ ಆಹ್ವಾನಪತ್ರ ಕೊಡುವುದು ನಮ್ಮಿಂದಾಗದು.

ಉಡುಪಿನ ನಿಯಮವಿದೆಯೇ?

ಚರ್ಚುಗಳಲ್ಲಿ ಭುಜ, ಮೊಣಕಾಲು ಮುಚ್ಚಿರಬೇಕು. ಒಂದು ಶಾಲು ಸಾಕು.

ಶುಲ್ಕದಲ್ಲಿ ಏನೇನು ಸೇರಿದೆ?

ದಾರಿಯುದ್ದಕ್ಕೂ ಕೊಡಿಸುವ ತಿಂಡಿ, ಸಿಹಿ, ನೀರು, ಮಾರ್ಗದರ್ಶಿಯ ಸಂಭಾವನೆ, ಮಾರ್ತೊರಾನಾ ಪ್ರವೇಶದ ಹಣ. ವೈನ್, ಕಾಫಿ ನಿಮ್ಮದೇ ಖರ್ಚು. ಕಾಫಿಯನ್ನು ಕಟ್ಟೆಯ ಬಳಿ ನಿಂತೇ ಕುಡಿಯಿರಿ. ಮೇಜಿಗೆ ತರಿಸಿದರೆ ಅನೇಕ ಕಡೆ ಬೆಲೆ ಏರುತ್ತದೆ. ಮಾರುಕಟ್ಟೆಯಲ್ಲಿ ಚಿಲ್ಲರೆ ಹಣವಿರಲಿ. ಚೌಕಾಸಿ ಮಾಡುವ ಆಸೆಯಿದ್ದರೆ ಬೀದಿಬದಿಯ ಹಳೆ ಸಾಮಾನುಗಳ ಮೇಲೆ ಮಾಡಿ. ತೂಕಕ್ಕೆ ಮಾರುವ ಹಣ್ಣು ತರಕಾರಿಯ ಬೆಲೆ ಹಲಗೆಯ ಮೇಲೆ ಬರೆದಿರುತ್ತದೆ, ಅದೇ ಬೆಲೆ.

ಮಳೆ ಬಂದರೆ?

ನಡಿಗೆ ನಿಲ್ಲುವುದಿಲ್ಲ. ಅಂಗಡಿಗಳ ಮುಂದಿನ ಕೆಂಪು ಮೇಲ್ಗುಡಾರಗಳಡಿ ಕಾಪೊ ಅರ್ಧ ನೆನೆಯದೆ ಉಳಿಯುತ್ತದೆ. ಬಿರುಮಳೆಯಾದರೆ ಚರ್ಚುಗಳಲ್ಲಿ ಹೆಚ್ಚು ಹೊತ್ತು ಕಳೆಯುತ್ತೇವೆ. ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟ ದಿನ ಮಾತ್ರ ರದ್ದು, ಹಣ ಪೂರ್ತಿ ವಾಪಸ್.

ಬೆಳಗಿನ ಉಪಾಹಾರ ಮುಗಿಸಿ ಬರಬೇಕೇ?

ಬೇಡ. ಹೋಟೆಲಿನ ಬಾಡಿಗೆಯಲ್ಲಿ ಸೇರಿದೆ ಎಂಬ ಕಾರಣಕ್ಕೆ ಹೊಟ್ಟೆ ಬಿರಿಯುವಂತೆ ತಿಂದು ಬಂದವರು ಎರಡನೆಯ ಅಂಗಡಿಯಲ್ಲೇ ಕೈಚೆಲ್ಲುತ್ತಾರೆ. ಒಂದು ಕಾಫಿ ಕುಡಿದು ಬನ್ನಿ.